ಎಐ ಬರೆದ ಪೋಸ್ಟು, ನಾವು ಕೊಟ್ಟ ಓಕೆ: ಲೇಬಲ್ ಯಾವುದಕ್ಕೆ, ಹೊಣೆ ಯಾರಿಗೆ?

2026ರ ಫೆಬ್ರವರಿ 20ರಿಂದ ಎಐ ಕಂಟೆಂಟಿಗೆ ಲೇಬಲ್ ಕಡ್ಡಾಯ ಅಂತ ಸುದ್ದಿ ಬಂದದ್ದೇ ಬಂದದ್ದು, ಮಂಗಳೂರು-ಉಡುಪಿ ಕಡೆ ಅಂಗಡಿ, ಹೋಟ್ಲು, ಕ್ಲಿನಿಕ್, ಯುವಕ ಮಂಡಲ, ದೇವಸ್ಥಾನದ ಉತ್ಸವ ಸಮಿತಿ ಅಂತ ಪೇಜ್ ನಡೆಸುವ ಎಲ್ಲರಿಗೂ ಮಂಡೆಬಿಸಿ. ಚಾಟ್‌ಜಿಪಿಟಿಯಲ್ಲೋ ಜೆಮಿನಿಯಲ್ಲೋ ಕ್ಯಾಪ್ಶನ್ ಬರೆಸಿ, ಒಮ್ಮೆ ಓದಿ, ಎರಡು ಶಬ್ದ ತಿದ್ದಿ ಪೋಸ್ಟ್ ಮಾಡಿದ್ರೆ ಅದಕ್ಕೂ "ಎಐ" ಅಂತ ಹಾಕ್ಬೇಕಾ? ಹಾಕದಿದ್ರೆ ಕೇಸಾ? ಮನುಷ್ಯ ನೋಡಿ ಓಕೆ ಮಾಡಿದ ಮೇಲೆ ಅದು ಎಐ ಪೋಸ್ಟಾ, ನಮ್ಮ ಪೋಸ್ಟಾ? ಚಿಕ್ಕ ಉತ್ತರ ಹೇಳುದಾದ್ರೆ ಬರೀ ಕ್ಯಾಪ್ಶನಿಗೆ ಈ ರೂಲಿನ ಲೇಬಲ್ ಬೇಡ, ಆದ್ರೆ ಹೊಣೆ ಪೂರಾ ನಿಮ್ಮದೇ. ಉದ್ದ ಉತ್ತರ ಚೂರು ಗೋಜಲು, ಯಾಕೆಂದ್ರೆ ಜನ ಲೇಬಲಿಗೆ ಹೆದರ್ತಾ ಇದ್ದಾರೆ, ಹೆದರಬೇಕಾದ್ದು ಆ "ಓಕೆ"ಗೆ.

ರೂಲಿನಲ್ಲಿ ಇರುವುದು ಎಂತ

ಕೇಂದ್ರದ ಐಟಿ ಸಚಿವಾಲಯ 2021ರ ಐಟಿ ರೂಲ್ಸಿಗೆ ತಿದ್ದುಪಡಿ ಹೊರಡಿಸಿದ್ದು 2026ರ ಫೆಬ್ರವರಿ 10ಕ್ಕೆ, ಜಾರಿಗೆ ಬಂದದ್ದು 20ಕ್ಕೆ. ಅದಕ್ಕೆ ಮೊದ್ಲು 2025ರ ಅಕ್ಟೋಬರಿನಲ್ಲಿ ಒಂದು ಕರಡು ಬಂದಿತ್ತು, ಅದರಲ್ಲಿ ಚಿತ್ರದ ಕನಿಷ್ಠ 10 ಪರ್ಸೆಂಟ್ ಜಾಗ ಲೇಬಲಿಗೆ ಬಿಡಬೇಕು ಅಂತ ಇತ್ತು. ಫೈನಲ್ ಆಗುವಾಗ ಆ 10 ಪರ್ಸೆಂಟ್ ಬಿದ್ದುಹೋಯ್ತು, ಎದ್ದು ಕಾಣುವ ಹಾಗೆ ಇದ್ರೆ ಸಾಕು ಅಂತ ಆಯ್ತು. ಕರಡಿನ ಸುದ್ದಿ ಓದಿದವರು ಅದನ್ನೇ ಕಾನೂನು ಅಂತ ತಿಳ್ಕೊಂಡದ್ದು ಗೊಂದಲಕ್ಕೆ ಒಂದು ಕಾರಣ.

ಎರಡನೇ ಕಾರಣ, ರೂಲಿನಲ್ಲಿ ಎಐ ಅಂದ್ರೆ ಎಲ್ಲ ಎಐ ಅಲ್ಲ. ಅದು ಹೇಳುವುದು ಆಡಿಯೋ, ಚಿತ್ರ, ವಿಡಿಯೋ ಬಗ್ಗೆ ಮಾತ್ರ, ಅದರಲ್ಲೂ ಕಂಪ್ಯೂಟರಲ್ಲಿ ಹುಟ್ಟಿಸಿದ್ದು ಅಥವಾ ಬದಲಾಯಿಸಿದ್ದು, ನೋಡಿದ್ರೆ ನಿಜವಾದ ವ್ಯಕ್ತಿ ಅಥವಾ ನಿಜವಾದ ಘಟನೆ ಅಂತಲೇ ಅನ್ನಿಸುವಂಥದ್ದು. ಬರೀ ಅಕ್ಷರ ಇದರೊಳಗೆ ಬರುವುದಿಲ್ಲ. ಫೋಟೋದ ಬೆಳಕು ಸರಿ ಮಾಡಿದ್ದು, ಕ್ರಾಪ್ ಮಾಡಿದ್ದು, ವಿಡಿಯೋದ ಗದ್ದಲ ತೆಗೆದದ್ದು, ಒಳ್ಳೆ ಉದ್ದೇಶದಿಂದ ಮಾಡುವ ಇಂಥ ಮಾಮೂಲಿ ಎಡಿಟಿಂಗಿಗೂ ವಿನಾಯಿತಿ ಉಂಟು. ಹಾಗಾದ್ರೆ ನಿಮ್ಮ ಅಂಗಡಿಯ ನಿಜವಾದ ಫೋಟೋಕ್ಕೆ ಎಐ ಬರೆದ ನಾಲ್ಕು ಸಾಲು ಹಾಕಿದ್ರೆ ಲೇಬಲ್ ಬೇಡ. ಅದೇ ಅಂಗಡಿಗೆ ಬಾರದ ಒಬ್ಬ ಗಿರಾಕಿಯನ್ನು ಎಐಯಲ್ಲಿ ಹುಟ್ಟಿಸಿ ಅವನ ಬಾಯಲ್ಲಿ "ಇಂಥಾ ಕೋರಿ ರೊಟ್ಟಿ ಎಲ್ಲೂ ತಿನ್ಲಿಲ್ಲ" ಅಂತ ಹೇಳಿಸಿದ್ರೆ ಲೇಬಲ್ ಬೇಕು, ಮತ್ತೆ ಗಿರಾಕಿಗಳಿಗೆ ಮೋಸ ಮಾಡುವ ಉದ್ದೇಶ ಕಂಡ್ರೆ ಲೇಬಲ್ ಇದ್ದೂ ಪ್ರಯೋಜನ ಇಲ್ಲ.

50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರು ಇರುವ ದೊಡ್ಡ ಪ್ಲಾಟ್‌ಫಾರ್ಮುಗಳು ಅಪ್ಲೋಡ್ ಮಾಡುವವರನ್ನೇ "ಇದು ಎಐಯಲ್ಲಿ ಮಾಡಿದ್ದಾ?" ಅಂತ ಕೇಳ್ಬೇಕು, ಹೇಳಿದ್ದು ಸರಿಯಾ ಅಂತ ತಾಂತ್ರಿಕವಾಗಿಯೂ ಪರಿಶೀಲಿಸ್ಬೇಕು ಅಂತಲೂ ಉಂಟು. ಈ ಟಿಕ್ ಹಾಕುವುದು ಯಾರು? ಏಜೆನ್ಸಿಯ ಹುಡುಗ. ಪೇಜ್ ಯಾರದ್ದು? ಅಂಗಡಿ ಯಜಮಾನರದ್ದು. ಆ ಹುಡುಗ ಟಿಕ್ ಹಾಕಿದನಾ ಇಲ್ವಾ ಅಂತ ಎಷ್ಟು ಯಜಮಾನರಿಗೆ ಗೊತ್ತಿರ್ತದೆ?

ಮೂರು ಗಂಟೆಯ ಪರಿಣಾಮ

ಲೇಬಲ್ ಗಲಾಟೆಯಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಬದಲಾವಣೆ ಉಂಟು. ಕೋರ್ಟ್ ಆದೇಶವೋ ಸರ್ಕಾರದ ಅಧಿಕೃತ ಸೂಚನೆಯೋ ಬಂದ್ರೆ ಪ್ಲಾಟ್‌ಫಾರ್ಮ್ ಮೊದ್ಲು 36 ಗಂಟೆಯೊಳಗೆ ಪೋಸ್ಟ್ ತೆಗೀಬೇಕಿತ್ತು, ಈಗ 3 ಗಂಟೆ. ಇದು ನೇರವಾಗಿ ಕಂಪೆನಿಗಳಿಗೆ ಹಾಕಿದ ಗಡುವು, ಪೇಜ್ ಅಡ್ಮಿನಿಗೆ ಅಲ್ಲ. ಆದ್ರೆ ಮೂರು ಗಂಟೆಯಲ್ಲಿ ಕನ್ನಡ ಪೋಸ್ಟನ್ನು ಓದಿ, ಅದರ ವ್ಯಂಗ್ಯ ಯಾವುದು, ಆರೋಪ ಯಾವುದು ಅಂತ ತೂಗಿ ನೋಡ್ಲಿಕ್ಕೆ ಯಾವ ಕಂಪೆನಿಗೂ ಪುರುಸೊತ್ತು ಸಿಗುವುದಿಲ್ಲ, ತೆಗೆಯದಿದ್ರೆ ಬಳಕೆದಾರರು ಹಾಕಿದ ಪೋಸ್ಟಿಗೆ ಕಂಪೆನಿ ಹೊಣೆ ಅಲ್ಲ ಅನ್ನುವ ಐಟಿ ಕಾಯ್ದೆಯ 79ನೇ ಸೆಕ್ಷನ್ನಿನ ರಕ್ಷಣೆ ಹೋಗ್ತದೆ ಅನ್ನುವ ಹೆದರಿಕೆ ಬೇರೆ, ಹಾಗಾಗಿ ಮೊದ್ಲು ತೆಗೆಯುವುದು ಆಮೇಲೆ ನೋಡುವುದು ಅನ್ನುವುದೇ ಅವರಿಗೆ ಲಾಭದ ದಾರಿ. ಸರ್ಕಾರದ ಸಹಯೋಗ್ ಪೋರ್ಟಲ್ ಮೂಲಕ ಬರುವ, ಪೋಸ್ಟ್ ತೆಗೀರಿ ಅನ್ನುವ ಸೂಚನೆಗಳನ್ನು ಪ್ರಶ್ನಿಸಿ ಎಕ್ಸ್ (ಹಿಂದಿನ ಟ್ವಿಟರ್) ಕಂಪೆನಿ ಹಾಕಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿದ ಮೇಲಂತೂ ಕಂಪೆನಿಗಳ ಧೈರ್ಯ ಇನ್ನೂ ಕಡಿಮೆ. ಅಂದ್ರೆ ತಪ್ಪು ಪೋಸ್ಟ್ ಹೋದ ಮೇಲೆ "ಸ್ವಾಮಿ, ಅದು ಮಿಷನ್ ಬರೆದದ್ದು" ಅಂತ ಹೇಳ್ಲಿಕ್ಕೆ ಸಿಗುವ ಸಮಯವೇ ಕಡಿಮೆಯಾಗಿದೆ. ತಪ್ಪು ಹಿಡೀಲಿಕ್ಕೆ ಉಳಿದದ್ದು ಪೋಸ್ಟ್ ಮಾಡುವ ಮೊದಲಿನ ಹೊತ್ತು ಮಾತ್ರ.

ಆ ಹೊತ್ತಿನಲ್ಲಿ ನಡೆಯುವುದು ಎಂತ

ಇಲ್ಲಿಯ ಸಣ್ಣ ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಗಳಲ್ಲಿ ಕೆಲಸ ಸಾಮಾನ್ಯವಾಗಿ ಹೀಗೆ ಹೋಗ್ತದೆ. ತಿಂಗಳ ಕೊನೆಗೆ ಒಂದು ಕ್ಯಾಲೆಂಡರ್ ಶೀಟ್, ಅದರಲ್ಲಿ ಹಬ್ಬ, ಆಫರ್, "ವಿಶ್ವ ಇಂಥಾ ದಿನ" ಎಲ್ಲ. ಒಂದೊಂದು ಸಾಲಿಗೂ ಎಐ ಟೂಲಿಗೆ ಪ್ರಾಂಪ್ಟ್ ಕೊಟ್ಟು ಕನ್ನಡ ಇಂಗ್ಲಿಷ್ ಎರಡರಲ್ಲೂ ಕ್ಯಾಪ್ಶನ್, ಕ್ಯಾನ್ವಾದಲ್ಲಿ ಪೋಸ್ಟರ್, ಎಲ್ಲ ಒಟ್ಟು ಮಾಡಿ ಪಿಡಿಎಫ್ ಮಾಡಿ ಕ್ಲೈಂಟಿನ ವಾಟ್ಸಾಪ್ ಗ್ರೂಪಿಗೆ. ಯಜಮಾನರು ಮಧ್ಯಾಹ್ನದ ಊಟದ ರಶ್ಶಿನಲ್ಲಿ ಕೌಂಟರಲ್ಲಿ ನಿಂತು, ಒಂದು ಕೈಯಲ್ಲಿ ಚಿಲ್ಲರೆ ಕೊಡ್ತಾ ಇನ್ನೊಂದು ಕೈಯಲ್ಲಿ ಆ ಪಿಡಿಎಫ್ ಮೇಲೆ ಕೆಳಗೆ ಎಳೆದು ಒಂದು ತಂಬ್ಸ್ ಅಪ್ ಒತ್ತುತ್ತಾರೆ. ಅಲ್ಲಿಗೆ ಅಪ್ರೂವಲ್ ಆಯ್ತು. ಏಜೆನ್ಸಿಯವರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಕಂಪೆನಿ ಮೆಟಾದ ಬಿಸಿನೆಸ್ ಸೂಟಿನಲ್ಲಿ ಇಡೀ ತಿಂಗಳಿಗೆ ಶೆಡ್ಯೂಲ್ ಮಾಡಿ ಬಿಡ್ತಾರೆ, ಮತ್ತೆ ಆ ಫೈಲನ್ನು ಯಾರೂ ತೆರೆಯುವುದಿಲ್ಲ.

ಇದರಲ್ಲಿ ಯಾರನ್ನೂ ಸೋಮಾರಿ ಅಂತ ಬೈದು ಪ್ರಯೋಜನ ಇಲ್ಲ, ಲೆಕ್ಕವೇ ಹಾಗೆ ಆಗಿದೆ. ಮನುಷ್ಯ ಬರೆಯುವಾಗ ಬರೆಯುವುದೇ ನಿಧಾನ, ಹಾಗಾಗಿ ಪೋಸ್ಟು ಕಡಿಮೆ, ಓದುವವರಿಗೆ ಹೊರೆಯೂ ಕಡಿಮೆ. ಎಐ ಬಂದ ಮೇಲೆ ಬರೆಯುವ ವೇಗ ಹತ್ತಾರು ಪಟ್ಟು ಏರಿತು, ಓದುವ ವೇಗ ಇದ್ದಲ್ಲೇ ಉಂಟು. ಉಳಿದ ಸಮಯವನ್ನು ಪರಿಶೀಲನೆಗೆ ಹಾಕಬಹುದಿತ್ತು, ಆದ್ರೆ ಮಾರುಕಟ್ಟೆಯಲ್ಲಿ ಅದು ಇನ್ನಷ್ಟು ಪೋಸ್ಟಾಗಿ ಮಾರಾಟ ಆಗ್ತದೆ, "ಅದೇ ರೇಟಿಗೆ ದಿನಕ್ಕೊಂದು ಪೋಸ್ಟ್" ಅಂತ.

ಮೇಲೆ ಇನ್ನೊಂದು, ಮನುಷ್ಯನ ಸ್ವಭಾವ. 1983ರಲ್ಲೇ ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ ಆಟೊಮೇಶನ್ ಬಗ್ಗೆ ಬರೆಯುವಾಗ ಇದನ್ನು ಹೇಳಿ ಆಗಿದೆ: ಕೆಲಸವನ್ನು ಯಂತ್ರಕ್ಕೆ ಕೊಟ್ಟು ಮನುಷ್ಯನನ್ನು ಬರೀ ಕಾವಲಿಗೆ ಕೂರಿಸಿದ್ರೆ, ಕಾವಲು ಕೆಲಸದಲ್ಲಿ ಮನುಷ್ಯ ತೀರಾ ಕಳಪೆ, ಜೊತೆಗೆ ಕೈ ಅಭ್ಯಾಸ ತಪ್ಪಿ ಮೂಲ ಕೆಲಸದ ಚುರುಕೂ ಹೋಗ್ತದೆ. ಆಗ ಅವರು ನೋಡಿದ್ದು ಕಾರ್ಖಾನೆಗಳ ಕಂಟ್ರೋಲ್ ರೂಮನ್ನು. ಸತತ ಇಪ್ಪತ್ತು ಕ್ಯಾಪ್ಶನ್ ಸರಿ ಇದ್ರೆ ಇಪ್ಪತ್ತೊಂದನೇದನ್ನು ಕಣ್ಣು ಓದುವುದೇ ಇಲ್ಲ, ಓದಿದ ಹಾಗೆ ಮಾಡ್ತದೆ ಅಷ್ಟೇ.

ದೊಡ್ಡ ದೊಡ್ಡ ಪತ್ರಿಕೆಗಳಲ್ಲೇ ಇದು ಆಗಿದೆ. 2025ರ ನವೆಂಬರಿನಲ್ಲಿ ಪಾಕಿಸ್ತಾನದ ಡಾನ್ ಪತ್ರಿಕೆಯ ಬಿಸಿನೆಸ್ ಪುಟದಲ್ಲಿ ವಾಹನ ಮಾರಾಟದ ವರದಿಯ ಕೊನೆಗೆ, ಬೇಕಿದ್ರೆ ಇದನ್ನು ಮುಖಪುಟಕ್ಕೆ ಹೊಂದುವ ಹಾಗೆ ಇನ್ನೂ ಚುಟುಕಾಗಿ ಮಾಡಿಕೊಡ್ತೇನೆ ಅನ್ನುವ ಚಾಟ್‌ಬಾಟಿನ ಮಾತು ಹಾಗೇ ಅಚ್ಚಾಗಿ ಬಂತು, ಪತ್ರಿಕೆ ವಿಷಾದ ಹೇಳ್ಬೇಕಾಯ್ತು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಶಿಕಾಗೋ ಸನ್-ಟೈಮ್ಸ್ ಜೊತೆ ಬಂದ ಪುರವಣಿಯಲ್ಲಿ ಬೇಸಿಗೆಗೆ ಓದಬೇಕಾದ ಪುಸ್ತಕಗಳ ಪಟ್ಟಿ ಇತ್ತು, ಅದರಲ್ಲಿ ಹೆಚ್ಚಿನವು ಯಾರೂ ಬರೆಯದ ಪುಸ್ತಕಗಳು. ಕೌಂಟರಲ್ಲಿ ನಿಂತು ಓಕೆ ಕೊಡುವವರ ಕಥೆ ಇದಕ್ಕಿಂತ ಒಳ್ಳೇದಿರ್ತದೆ ಅಂತ ನಂಬ್ಲಿಕ್ಕೆ ಕಾರಣ ಸಿಗುವುದಿಲ್ಲ.

ಕನ್ನಡದಲ್ಲಿ, ಅದರಲ್ಲೂ ಕರಾವಳಿಯಲ್ಲಿ ಅಪಾಯ ಜಾಸ್ತಿ ಯಾಕೆ

ಈ ಟೂಲುಗಳು ಕಲಿತದ್ದು ಬಹುಪಾಲು ಇಂಗ್ಲಿಷ್ ಬರಹದಿಂದ, ಕನ್ನಡದ ಪಾಲು ಅದರಲ್ಲಿ ತೀರಾ ಸಣ್ಣದು, ಕರಾವಳಿಯ ಆಡುಮಾತಿನ ಪಾಲು ಅದರಲ್ಲೂ ಸಣ್ಣದು. ಹಾಗಾಗಿ ಬರುವ ಕನ್ನಡ ನಯವಾಗಿ ಇರ್ತದೆ, ವ್ಯಾಕರಣವೂ ಹೆಚ್ಚುಕಡಿಮೆ ಸರಿ, ಆದ್ರೆ ಯಾವ ಊರಿಗೂ ಸೇರದ ಕನ್ನಡ. "ಸವಿರುಚಿಯ ಅವಿಸ್ಮರಣೀಯ ಪಯಣಕ್ಕೆ ಸಿದ್ಧರಾಗಿ!" ಅಂತ ಗೋಳಿಬಜೆಗೆ ಬರೀತದೆ. "ಮಳೆ ಜೋರುಂಟು, ಗೋಳಿಬಜೆ ಬಿಸಿ ಉಂಟು, ನಾಲ್ಕು ಗಂಟೆಗೆ ಬನ್ನಿ" ಅಂತ ಬರೆಯುವವನಿಗೆ ಇದು ನಗು ತರಿಸಬಹುದು, ಆದ್ರೆ ಇದು ಬರೀ ಬೋರಿನ ವಿಷಯ, ಅಪಾಯದ್ದಲ್ಲ.

ಅಪಾಯ ಇರುವುದು ನಯವಾದ ವಾಕ್ಯದೊಳಗೆ ಕೂತ ತಪ್ಪು ಸಂಗತಿಯಲ್ಲಿ. ಉಡುಪಿ ಮಲ್ಲಿಗೆ ಇಲ್ಲಿ ಮಾರುವುದು ಚೆಂಡು, ಅಟ್ಟೆ ಲೆಕ್ಕದಲ್ಲಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಟೂಲಿಗೆ ಕೇಳಿದ್ರೆ ಅದು ಘಟ್ಟದ ಮೇಲಿನ ಹೂವಿನಂಗಡಿಯ ಹಾಗೆ "ಮೊಳಕ್ಕೆ ಇಷ್ಟು" ಅಂತ ಬರೆದುಬಿಡಬಹುದು, ಅಟ್ಟೆಯ ರೇಟು ಮೊಳಕ್ಕೆ ಅಂಟಿಕೊಂಡ್ರೆ ಅಂಗಡಿ ಎದುರು ಜಗಳ ಖಂಡಿತ. ಕೃಷ್ಣ ಮಠದ ಪರ್ಯಾಯ, ಅಂದ್ರೆ ಅಷ್ಟ ಮಠಗಳ ನಡುವಿನ ಪೂಜೆಯ ಸರದಿ, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬದಲಾಗ್ತದೆ, 2024ರಿಂದ ಪುತ್ತಿಗೆ ಮಠದ್ದಿತ್ತು, 2026ರ ಜನವರಿಯಿಂದ ಶೀರೂರು ಮಠದ್ದು. ಹಳೇ ಮಾಹಿತಿಯಲ್ಲಿ ಕಲಿತು ನಿಂತ ಮಾಡೆಲ್ ಈಗಲೂ ಪುತ್ತಿಗೆ ಪರ್ಯಾಯ ಅಂತ ಶುಭಾಶಯ ಬರೆದು ಕೊಟ್ರೆ ಆಶ್ಚರ್ಯ ಇಲ್ಲ, ಬೆಂಗಳೂರಲ್ಲಿ ಕೂತು ಓಕೆ ಕೊಡುವ ಬ್ರಾಂಡ್ ಮ್ಯಾನೇಜರಿಗೆ ಅದರಲ್ಲಿ ತಪ್ಪೇ ಕಾಣುವುದಿಲ್ಲ. ಉಡುಪಿಯಲ್ಲಿ ರಥಬೀದಿ ನೋಡಿದ ಯಾವ ಮಕ್ಕಳಿಗೂ ಕಾಣ್ತದೆ.

ಇನ್ನೂ ಸೂಕ್ಷ್ಮದ್ದು ದೈವಾರಾಧನೆ. ದೈವದ ವೇಷ, ಮುಖವರ್ಣಿಕೆ ಇದನ್ನೆಲ್ಲ ಸ್ಟೇಜಿನಲ್ಲಿ, ರೀಲ್ಸಿನಲ್ಲಿ ಅನುಕರಣೆ ಮಾಡುವುದಕ್ಕೇ ಇಲ್ಲಿ ವಿರೋಧ ಉಂಟು. ತುಳುನಾಡು ಅಂತ ಪ್ರಾಂಪ್ಟಿನಲ್ಲಿ ಬರೆದ ಕೂಡ್ಲೇ ಟೂಲು ಅಂಥದ್ದೇ ಒಂದು ಮುಖ ಬಿಡಿಸಿ ಕೊಟ್ಟು, ಅದರ ಪಕ್ಕದಲ್ಲಿ ಬಟ್ಟೆಯಂಗಡಿಯ "50 ಪರ್ಸೆಂಟ್ ಆಫ್" ಕೂತಿತು ಅಂತ ಇಟ್ಕೊಳ್ಳಿ. ಲೇಬಲ್ ಹಾಕಿದ್ರೂ ಹಾಕದಿದ್ರೂ ಆ ಅಂಗಡಿಯವರು ಮರುದಿನ ಕೈಮುಗಿದು ವಿಡಿಯೋ ಮಾಡಬೇಕಾಗ್ತದೆ. ಇದನ್ನು ತಡೆಯುವುದು ಯಾವ ರೂಲೂ ಅಲ್ಲ, ಊರಿನ ನಂಬಿಕೆ ಗೊತ್ತಿರುವ ಒಬ್ಬ ಮನುಷ್ಯ.

ತುಳುವಿನ ಕಥೆ ಇನ್ನೂ ಹಿಂದೆ. ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಸೇರಿದ್ದೇ 2024ರ ಜೂನಿನಲ್ಲಿ. ಬ್ಯಾರಿಯಲ್ಲಿ, ಕುಂದಾಪ್ರ ಕನ್ನಡದಲ್ಲಿ ಎಐ ಬರೆದದ್ದನ್ನು ಆ ಭಾಷೆ ಆಡದವರು ಅಪ್ರೂವ್ ಮಾಡುವುದು ಅಂದ್ರೆ ಕಣ್ಣುಮುಚ್ಚಿ ಚೆಕ್ಕಿಗೆ ಸೈನು ಹಾಕಿದ ಹಾಗೆ.

ಮನುಷ್ಯನೇ ಇಲ್ಲದಿದ್ರೆ ಎಂತ ಆಗ್ತದೆ ಅನ್ನುವುದಕ್ಕೆ ದೂರ ಹೋಗುವುದು ಬೇಡ. 2025ರ ಜುಲೈಯಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಪೇಜಿನಲ್ಲಿ ಕನ್ನಡದಲ್ಲಿ ಸಂತಾಪದ ಪೋಸ್ಟ್ ಬಂತು. ಮೆಟಾದ ಆಟೊ ಅನುವಾದ ಅದನ್ನು ಇಂಗ್ಲಿಷಿಗೆ ಮಾಡುವಾಗ ಮುಖ್ಯಮಂತ್ರಿಗಳೇ ತೀರಿಕೊಂಡ ಹಾಗೆ ತೋರಿಸಿತು. ಸರ್ಕಾರದ ಕಡೆಯಿಂದ ಮೆಟಾಕ್ಕೆ ಪತ್ರ ಹೋಯ್ತು, ಸರಿ ಆಗುವವರೆಗೆ ಕನ್ನಡದ ಆಟೊ ಅನುವಾದ ನಿಲ್ಲಿಸಿ ಅಂತ ಕೇಳಿದ್ರು, ಮೆಟಾ ಕ್ಷಮೆ ಕೇಳಿತು. ಕನ್ನಡ ಬರುವ ಒಬ್ಬರು ಅರ್ಧ ನಿಮಿಷ ನೋಡಿದ್ರೆ ಅಲ್ಲೇ ನಿಲ್ತಿತ್ತು.

ಯಾರು ಎಂತ ಹೇಳ್ತಾರೆ

ಏಜೆನ್ಸಿಯವರ ವಾದ ಸುಲಭದಲ್ಲಿ ತಳ್ಳಿಹಾಕುವಂಥದ್ದಲ್ಲ. ಸಣ್ಣ ಬೇಕರಿಯವರಿಗೆ, ಮಲ್ಪೆಯಲ್ಲಿ ಹೋಂಸ್ಟೇ ನಡೆಸುವವರಿಗೆ ತಿಂಗಳಿಗೆ ಒಬ್ಬ ರೈಟರನ್ನು ಇಟ್ಕೊಳ್ಳುವ ಶಕ್ತಿ ಎಲ್ಲುಂಟು? ಮೊದ್ಲು ಅವರ ಪೇಜ್ ಖಾಲಿ ಬೀಳ್ತಿತ್ತು, ಈಗ ಏನೋ ಒಂದು ಹೋಗ್ತದೆ. ಎಐ ಕೊಡುವುದು ಕರಡು ಮಾತ್ರ, ಕೊನೇ ಮಾತು ಮನುಷ್ಯನದ್ದೇ, ಮತ್ತೆ ಮನುಷ್ಯ ಬರೆದಾಗ ತಪ್ಪೇ ಆಗ್ತಿರ್ಲಿಲ್ವಾ ಅಂತ ಅವರು ಕೇಳ್ತಾರೆ. ಆಗ್ತಿತ್ತು. ಆದ್ರೆ ಮನುಷ್ಯ ತಪ್ಪು ಮಾಡುವಾಗ ಸಾಮಾನ್ಯವಾಗಿ ಅವನಿಗೇ ಸಂಶಯ ಇರ್ತದೆ, ಫೋನ್ ಮಾಡಿ ಕೇಳ್ತಾನೆ, ಇಲ್ಲದಿದ್ರೆ ಜಾಗ ಖಾಲಿ ಬಿಡ್ತಾನೆ. ಟೂಲು ಖಾಲಿ ಬಿಡುವುದು ಅಪರೂಪ, ಗೊತ್ತಿಲ್ಲದ್ದನ್ನೂ ಗೊತ್ತಿರುವ ಧಾಟಿಯಲ್ಲೇ ತುಂಬಿಸ್ತದೆ.

ಬರೆಯುವವರು, ಡಿಸೈನರುಗಳು ಹೇಳುವುದು ಬೇರೆ. ತಪ್ಪು ತಿದ್ದುವ ಕೆಲಸಕ್ಕೆ ಬರೆಯುವ ಕೆಲಸದ ಅರ್ಧ ದುಡ್ಡೂ ಕೊಡುವುದಿಲ್ಲ, ಆದ್ರೆ ಎಐ ಬರೆದದ್ದನ್ನು ಸರಿಯಾಗಿ ತಿದ್ದುವುದಕ್ಕೆ ಹಲವು ಸಲ ಹೊಸದಾಗಿ ಬರೆದಷ್ಟೇ ಹೊತ್ತು ಬೇಕು ಅಂತ. ಇದು ಬರೀ ಹೊಟ್ಟೆಪಾಡಿನ ಗೋಳು ಅಂತ ಬಿಡುವ ಹಾಗಿಲ್ಲ, ಯಾಕೆಂದ್ರೆ ಹೊಸ ಹುಡುಗ ಹುಡುಗಿಯರು ಕ್ಯಾಪ್ಶನ್ ಬರೆದು ಬರೆದೇ ಕೈ ಪಳಗಿಸಿಕೊಳ್ಳುವುದು. ಆ ಮೆಟ್ಟಿಲೇ ಹೋದ್ರೆ ಐದು ವರ್ಷದ ಮೇಲೆ ತಪ್ಪು ಹಿಡಿಯುವ ಕಣ್ಣು ಯಾರಲ್ಲಿ ಇರ್ತದೆ? ಇನ್ನು ಮೂರನೆಯವರೂ ಇದ್ದಾರೆ, ಅಪ್ರೂವಲೇ ಬೇಡ, ಟೂಲಿಗೆ ಟೂಲನ್ನೇ ಕಾವಲಿಟ್ಟು ಪೂರಾ ಆಟೊಮ್ಯಾಟಿಕ್ ಮಾಡಿ ಅನ್ನುವವರು. ಹವಾಮಾನ, ಅಂಗಡಿ ತೆರೆಯುವ ಸಮಯ, ಇಂಥದ್ದಕ್ಕೆ ಅದು ನಡೆದೀತು. ಮೇಲೆ ಹೇಳಿದ ಮಲ್ಲಿಗೆ, ಪರ್ಯಾಯ, ದೈವದ ವಿಷಯದಲ್ಲಿ ಎರಡೂ ಟೂಲು ಒಂದೇ ಬಾವಿಯ ನೀರು ಕುಡಿದದ್ದು, ಒಂದಕ್ಕೆ ಗೊತ್ತಿಲ್ಲದ್ದು ಇನ್ನೊಂದಕ್ಕೂ ಗೊತ್ತಿರುವುದು ಕಷ್ಟ.

ತಪ್ಪಾದ್ರೆ ಯಾರ ತಲೆಗೆ

ಎಐ ಬರೆದದ್ದು ಅನ್ನುವ ಕಾರಣಕ್ಕೆ ಬಿಟ್ಟುಬಿಡುವ ಕಾನೂನು ಯಾವುದೂ ಇಲ್ಲ. ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರ್ತದೆ: ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ಟಿಕೆಟ್ ರಿಯಾಯಿತಿ ಬಗ್ಗೆ ತಪ್ಪು ಹೇಳಿತ್ತು, ಕಂಪೆನಿ ಆ ಬಾಟಿನ ಮಾತಿಗೆ ನಾವು ಹೊಣೆ ಅಲ್ಲ ಅಂತ ವಾದ ಮಾಡಿತು, 2024ರ ಫೆಬ್ರವರಿಯಲ್ಲಿ ಅಲ್ಲಿಯ ಟ್ರಿಬ್ಯೂನಲ್ ಅದನ್ನು ಒಪ್ಪದೆ ಪರಿಹಾರ ಕೊಡಿಸಿತು. ನಮ್ಮಲ್ಲಿ 2019ರ ಗ್ರಾಹಕ ರಕ್ಷಣಾ ಕಾಯ್ದೆ ಉಂಟು, ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮತ್ತೆ ಮಾಡಿದ್ರೆ 50 ಲಕ್ಷದವರೆಗೆ ದಂಡ ಹಾಕಬಹುದು. ಎಐಗೆ ಉತ್ಪ್ರೇಕ್ಷೆ ಅಂದ್ರೆ ಭಾರಿ ಪ್ರೀತಿ. ಒಂದು ಕ್ಲಿನಿಕ್ಕಿನ ಪೋಸ್ಟಿಗೆ "ಆಕರ್ಷಕವಾಗಿ ಬರಿ" ಅಂದ್ರೆ "ಸಕ್ಕರೆ ಕಾಯಿಲೆಗೆ ಶಾಶ್ವತ ಪರಿಹಾರ" ಅಂತ ಬರೆದೀತು. 1954ರ ಡ್ರಗ್ಸ್ ಆಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಉಂಟು, ಅದನ್ನು ಗುಣ ಮಾಡ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದೇ ಅಪರಾಧ. ಪೊಲೀಸರು ಬಂದಾಗ ತೋರಿಸ್ಲಿಕ್ಕೆ ಇರುವುದು ವಾಟ್ಸಾಪಿನ ಆ ತಂಬ್ಸ್ ಅಪ್, ಅದು ನಿಮ್ಮನ್ನು ಬಿಡಿಸುವ ಸಾಕ್ಷಿ ಆಗುವುದಿಲ್ಲ, ನಿಮ್ಮ ಒಪ್ಪಿಗೆಯ ಸಾಕ್ಷಿ ಆಗ್ತದೆ.

ಕೋಮು ವಿಷಯ ಬಂದ್ರೆ ಇನ್ನೂ ಹುಷಾರು ಬೇಕು. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಸೇರಿಸಿ 2025ರಲ್ಲಿ ಸರ್ಕಾರ ವಿಶೇಷ ಕಾರ್ಯಪಡೆಯನ್ನೇ ಮಾಡಿದೆ. ಯಾವುದೋ ಘಟನೆಯ ದಿನ ಟ್ರೆಂಡ್ ಹಿಡಿಯುವ ಗಡಿಬಿಡಿಯಲ್ಲಿ ಎಐ ಬರೆದ ಎರಡು ಸಾಲು ಭಾರತೀಯ ನ್ಯಾಯ ಸಂಹಿತೆಯ 196 (ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು) ಅಥವಾ 353ನೇ (ಗಲಭೆ ಎಬ್ಬಿಸುವ ಸುಳ್ಳು ಸುದ್ದಿ) ಸೆಕ್ಷನ್ನಿನೊಳಗೆ ಬಂದ್ರೆ, ಪ್ರಶ್ನೆ ಕೇಳುವುದು ಪೇಜಿನ ಅಡ್ಮಿನಿಗೆ. ಏಜೆನ್ಸಿ ಜೊತೆ ಇರುವ ಅಗ್ರಿಮೆಂಟಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲದವರು ಹಲವರು, ಅಗ್ರಿಮೆಂಟೇ ಇಲ್ಲದವರು ಅದಕ್ಕಿಂತ ಹೆಚ್ಚು ಇರಬೇಕು.

ಮುಂದೆ ಎಂತ ಆಗಬಹುದು

ಒಂದಂತೂ ಖಂಡಿತ, ಓದಿ ಓಕೆ ಮಾಡುವುದು ಬೇರೆಯೇ ಕೆಲಸ ಅಂತ ಆಗ್ತದೆ, ಅದಕ್ಕೆ ಬೇರೆ ರೇಟೂ ಬರ್ತದೆ. ಈಗ ಅದು ಪ್ಯಾಕೇಜಿನಲ್ಲಿ ಫ್ರೀ, ಫ್ರೀ ಆದ್ದರಿಂದಲೇ ಯಾರೂ ಮಾಡುವುದಿಲ್ಲ. ಮೊದಲ ದಂಡವೋ ಕೇಸೋ ಬಂದ ಮೇಲೆ ದೊಡ್ಡ ಕ್ಲೈಂಟುಗಳು, ಆಸ್ಪತ್ರೆ, ಕಾಲೇಜು, ಚಿನ್ನದಂಗಡಿಯವರು, ಯಾರು ಓದಿದ್ದು ಅಂತ ಹೆಸರು ಸಮೇತ ಕೇಳ್ಲಿಕ್ಕೆ ಶುರು ಮಾಡ್ತಾರೆ. ಸಣ್ಣವರು ಹಾಗೇ ಮುಂದುವರಿಸ್ತಾರೆ, ಅವರ ಪೋಸ್ಟುಗಳೆಲ್ಲ ಒಂದೇ ಧಾಟಿಯಲ್ಲಿ ಇರ್ತವೆ, ಜನ ಓದದೆ ಮೇಲೆ ತಳ್ತಾರೆ. ಇಂಥವರು ಪೋಸ್ಟಿನ ಸಂಖ್ಯೆ ಅರ್ಧ ಮಾಡಿ, ಉಳಿದ ಹೊತ್ತಲ್ಲಿ ದಿನಾಂಕ, ರೇಟು, ಹೆಸರು, ಜಾಗ ಈ ನಾಲ್ಕನ್ನು ಮಾತ್ರ ಒಂದೊಂದೇ ಬೆರಳಿಟ್ಟು ನೋಡಿದ್ರೂ ಹೆಚ್ಚಿನ ರಗಳೆ ತಪ್ಪೀತು. ವಾಕ್ಯ ಚಂದ ಉಂಟಾ ಅಂತ ನೋಡುವುದರಲ್ಲಿ ಹೊತ್ತು ಕಳೆಯುವುದು ಬೇಡ, ಚಂದ ಇದ್ದೇ ಇರ್ತದೆ.

ದೊಡ್ಡ ಪರೀಕ್ಷೆ ಬರುವುದು ಮಳೆಗಾಲಕ್ಕೆ. ಜೋರು ಮಳೆ ಬಂದ್ರೆ ಇಲ್ಲಿ ರಾತ್ರಿಯಿಂದಲೇ "ನಾಳೆ ರಜೆ ಉಂಟಾ" ಅಂತ ಶುರು, ಜಿಲ್ಲಾಧಿಕಾರಿಗಳ ಹೆಸರಲ್ಲಿ ನಕಲಿ ರಜೆ ಆದೇಶ ಹರಿದಾಡುವುದು ಹೊಸತಲ್ಲ. ಹಳೇ ಆದೇಶದ ತಾರೀಕು ತಿದ್ದಿ ಹಾಕುವಾಗ ಫಾಂಟ್ ನೋಡಿದ್ರೆ ಗೊತ್ತಾಗ್ತಿತ್ತು, ಈಗ ಎಐ ಲೆಟರ್‌ಹೆಡ್, ಸೀಲು, ಸಹಿ ಎಲ್ಲ ಚೊಕ್ಕ ಮಾಡಿ ಕೊಡ್ತದೆ. ಹೊಸ ರೂಲಿನ ಪ್ರಕಾರ ಇಂಥ ಸುಳ್ಳು ದಾಖಲೆಗೆ ಲೇಬಲ್ ಹಾಕಿದ್ರೂ ಮಾಫಿ ಇಲ್ಲ, ಅದು ನಿಷೇಧದ ಪಟ್ಟಿಯಲ್ಲೇ ಉಂಟು. ತಮಾಷೆಗೆ ಮಾಡಿದವನ ಕಥೆ ಅತ್ತ ಇರ್ಲಿ, ಟ್ರೆಂಡಿಂಗ್ ಸುದ್ದಿಯನ್ನು ತಾನೇ ಹೆಕ್ಕಿ ಪೋಸ್ಟ್ ಬರೆಯುವ ಹಾಗೆ ಟೂಲು ಸೆಟ್ ಮಾಡಿಟ್ಟ ಊರಿನ ನ್ಯೂಸ್ ಪೇಜುಗಳು ಆ ನಕಲಿ ಆದೇಶವನ್ನೇ ಸುದ್ದಿ ಮಾಡಿ, ಬೆಳಿಗ್ಗೆ ಆರು ಗಂಟೆಗೆ ಅರೆನಿದ್ದೆಯ ಅಡ್ಮಿನ್ ಓಕೆ ಒತ್ತಿದ್ರೆ ಮಕ್ಕಳು ಮನೆಯಲ್ಲಿ, ಶಾಲೆ ತೆರೆದು ಟೀಚರುಗಳು ಶಾಲೆಯಲ್ಲಿ. ಅಂಥ ಪೇಜುಗಳು ಜೂನಿಗೆ ಮೊದಲೇ ರಜೆ, ಸಾವು, ಗಲಾಟೆ ಈ ಮೂರು ವಿಷಯವನ್ನು ಟೂಲಿನ ಸೆಟ್ಟಿಂಗಿನಿಂದ ತೆಗೆದುಹಾಕಿ, ಅದನ್ನು ಬರೆಯುವುದೂ ಮನುಷ್ಯನೇ, ಜಿಲ್ಲಾಡಳಿತದ ಅಧಿಕೃತ ಪೇಜ್ ನೋಡಿದ ಮೇಲೆಯೇ ಅಂತ ಮಾಡ್ಕೊಂಡ್ರೆ ಒಳ್ಳೇದು.